ಸ್ವಯಂಸೇವಕರು ನಡಸೋ ಹೆರಿಟೇಜ್ ರೈಲು: ಹುಬ್ಬಳ್ಳಿ-ಧಾರವಾಡ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಗದಗ ರೋಡಿನ ರೈಲ್ವೆ ಮ್ಯೂಸಿಯಂ ನೋಡಿ ಬಂದವರು, ವಾಟ್ಸಾಪಿನ್ಯಾಗ ಯಾವುದೋ ಫಾರಿನ್ ಉಗಿ ರೈಲಿನ ವಿಡಿಯೋ ನೋಡಿದವರು, ರೈಲ್ವೆ ಕ್ವಾಟ್ರಸ್‌ನ್ಯಾಗ ಹುಟ್ಟಿ ಬೆಳದವರು, ಎಲ್ಲಾರೂ ನಮ್ಮಂಥ ರೈಲು ಹುಚ್ಚರು ಸಿಕ್ಕರ ಕೇಳೋದು ಹೆಚ್ಚುಕಡಿಮಿ ಇವ ಪ್ರಶ್ನೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗೇತಿ, ಅದಕ್ಕ ಒಂದ ಕಡೆ ಬರದಿಟ್ಟೇವಿ.

ಸ್ವಯಂಸೇವಕರು ರೈಲು ನಡಸೂದು ಅಂದ್ರ ಏನ್ರಿ? ರೈಲು ಸರಕಾರದ್ದಲ್ಲಾ?

ನಮ್ಮಲ್ಲಿ ಸರಕಾರದ್ದ. ಆದ್ರ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಾದಾಗ ಲಾಸ್ ಅಂತ ಮುಚ್ಚಿದ ಸಣ್ಣ ಸಣ್ಣ ಲೈನ್ ಭಾಳ ಇದ್ದೂವು, ಅದರಾಗ ಕೆಲವನ್ನ ಊರ ಮಂದಿ ಮತ್ತ ರೈಲು ಪ್ರೇಮಿಗಳು ಸಂಘ ಕಟ್ಟಿ ಉಳಿಸಿಕೊಂಡಾರ, ಇವಕ್ಕ ಹೆರಿಟೇಜ್ ಲೈನ್ ಅಂತಾರ. ಮೊದಲನೇದು ವೇಲ್ಸ್‌ನ ಟ್ಯಾಲಿಲಿನ್ ರೈಲ್ವೆ. 1865ರಾಗ ಕಪ್ಪು ಹಾಸುಗಲ್ಲು ಸಾಗಸಾಕ ಹಾಕಿದ್ದ ಲೈನು ಅದು, ಉದ್ದ ಹನ್ನೆರಡು ಕಿಲೋಮೀಟರಿಗೂ ಒಂಚೂರು ಕಡಿಮಿ, ಹಳಿ ಅಗಲ ಎರಡ ಅಡಿ ಮೂರ ಇಂಚು. ಅದರ ಮಾಲಕ ಸರ್ ಹೇಡನ್ ಜೋನ್ಸ್, ನಾ ಬದುಕಿರೋ ತನಕಾ ರೈಲು ಓಡಸ್ತೀನಿ ಅಂದಿದ್ದಂವ, ಹಂಗ ಓಡಿಸಿದಾ, 1950ರಾಗ ತೀರಿಕೊಂಡಾ. ಅದ ವರ್ಷ ಅಕ್ಟೋಬರದಾಗ ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನ್ಯಾಗ ಒಂದಿಷ್ಟ ಮಂದಿ ಸೇರಿ ಸಂಘ ಮಾಡಿದ್ರು, 14 ಮೇ 1951ಕ್ಕ ಸ್ವಯಂಸೇವಕರ ಕೈಯಾಗ ಮೊದಲ ಗಾಡಿ ಹೊಂಟಿತು. ಎರಡ ಎಂಜಿನ್‌ದಾಗ ಓಡೋ ಸ್ಥಿತಿಯಾಗ ಇದ್ದದ್ದು ಒಂದ ಒಂದು, ಹಳಿ ಅಂತೂ ಹುಲ್ಲಿನ ಬೇರು ಹಿಡಕೊಂಡಿದ್ದಕ್ಕ ನಿಂತೈತಿ ಅಂತ ಈಗಲೂ ಜೋಕ್ ಮಾಡ್ತಾರ.

ಇನ್ನೊಂದ ಮಜಾ ನೋಡ್ರಿ, ಅದಕ್ಕ ಸರಿಯಾಗಿ ಒಂದ ತಿಂಗಳ ಮೊದಲ, 14 ಏಪ್ರಿಲ್ 1951ಕ್ಕ, ನಮ್ಮ ಹುಬ್ಬಳ್ಳಿ ಇದ್ದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಸರಕಾರಿ ಸದರ್ನ್ ರೈಲ್ವೆದಾಗ ಸೇರಿತು. ಅಲ್ಲಿ ರೈಲು ಊರ ಮಂದಿ ಕೈಗೆ ಹೋತು, ಇಲ್ಲಿ ಕಂಪನಿ ಕಟ್ಟಿದ್ದ ರೈಲು ದೊಡ್ಡ ಸರಕಾರಿ ಇಲಾಖೆದಾಗ ಕೂಡಿತು. ಮುಂದಿನ ಪ್ರಶ್ನೆಗಳ ಉತ್ತರದಾಗ ಅರ್ಧ ಇದರಾಗ ಐತಿ.

ಪಗಾರ ಇಲ್ಲದ ಯಾಕ ಮಾಡ್ತಾರ?

ಖುಷಿಗೆ. ಗಣಪತಿ ಹಬ್ಬಕ್ಕ ನಾವು ನಿದ್ದಿಗೆಟ್ಟು ಪೆಂಡಾಲ್ ಹಾಕೂದಿಲ್ಲೇನು, ಅದಕ್ಕ ಯಾರ ಪಗಾರ ಕೊಟ್ಟಾರು? ಆದ್ರ ಎಲ್ಲಾರೂ ಪುಕ್ಕಟ ದುಡೀತಾರ ಅಂತ ತಿಳೀಬ್ಯಾಡ್ರಿ. ದೊಡ್ಡ ಹೆರಿಟೇಜ್ ಲೈನ್‌ಗಳಾಗ ಪಗಾರದ ಸಿಬ್ಬಂದಿನೂ ಇರ್ತಾರ, ವರ್ಕ್‌ಶಾಪಿನ ಫಿಟ್ಟರ್, ಆಫೀಸ್, ಸೇಫ್ಟಿ ನೋಡಕೊಳ್ಳೋ ಮಂದಿ. ಅವರ ಜೋಡಿ ಸ್ವಯಂಸೇವಕರು ರಜಾ ದಿನ ಬಂದು ಕೈಗೂಡಸ್ತಾರ.

ನಾ ಹೋದ್ರ ಎಂಜಿನ್ ಓಡಸಾಕ ಕೊಡ್ತಾರೇನು?

ಎಲ್ಲಾರಿಗೂ ಬೇಕಾಗಿದ್ದ ಪ್ರಶ್ನೆ ಇದ! ಕೊಡೂದಿಲ್ರಿ, ಮೊದಲ ಹಲವಾರು ವರ್ಷ ಅಂತೂ ಕೊಡೂದಿಲ್ಲ. ಮೊದಲ ಕ್ಲೀನರ್ ಆಗಿ ಸೇರಬೇಕು, ಅಂದ್ರ ಚಿಂದಿ ಬಟ್ಟಿ ಎಣ್ಣಿ ಹಿಡಕೊಂಡು ಗಾಲಿ, ರಾಡು, ಫ್ರೇಮು ಒರಸೂದು, ಬೂದಿ ಬಾಚೂದು. ಅದು ಶಿಕ್ಷೆ ಅಲ್ಲ, ಒರಸೋವಾಗ್ಲೇ ಯಾವ ಪಿನ್ನು ಎಲ್ಲೈತಿ, ಯಾವ ಬೋಲ್ಟ್ ಸಡಲಾಗೇತಿ, ಎಲ್ಲಿ ಬಿರುಕು ಬಿಟ್ಟೈತಿ ಅನ್ನೋದು ಕಣ್ಣಿಗೆ ಬೀಳ್ತೈತಿ, ಕೈಗೆ ಗೊತ್ತಾಗ್ತೈತಿ. ಆಮ್ಯಾಲೆ ರೂಲ್ ಬುಕ್ ಪರೀಕ್ಷೆ, ಕಣ್ಣು ಮತ್ತ ಬಣ್ಣ ಗುರುತಿಸೋ ಟೆಸ್ಟು, ಆಮ್ಯಾಲೆ ಫೈರ್‌ಮನ್ (ಎಂಜಿನ್ನಿನ ಬೆಂಕಿ ನೋಡಕೊಳ್ಳಾಂವ) ಜೋಡಿ ನಿಂತು ಕಲಿಯೂದು, ಆಮ್ಯಾಲೆ ಫೈರ್‌ಮನ್, ಅದರಾಗ ಪಳಗಿದ ಮ್ಯಾಲೆ ಡ್ರೈವರ್. ವಾರಕ್ಕೊಂದ ದಿನ ಬರೋ ಮನಷ್ಯಾಗ ಇದು ವರ್ಷಾನುಗಟ್ಟಲೆ ಹಿಡೀತೈತಿ. ಡ್ರೈವರ್ ಆಗಾಕ ಅಂತನ ಬಂದವರು ಬೇಗ ಬಿಟ್ಟು ಹೋಗ್ತಾರ, ಗಾರ್ಡ್ ಕೆಲಸದಾಗೋ ಸಿಗ್ನಲ್ ಕ್ಯಾಬಿನ್‌ದಾಗೋ ರುಚಿ ಹತ್ತಿದವರು ಉಳೀತಾರ, ಇದು ನಮ್ಮ ಅನಿಸಿಕಿ.

ರೊಕ್ಕ ಕೊಟ್ಟು ಒಂದ ದಿನ ಡ್ರೈವರ್ ಪಕ್ಕ ನಿಂತು ರೆಗ್ಯುಲೇಟರ್ (ಉಗಿ ಬಿಡೋ ಹಿಡಿಕಿ) ಹಿಡಿಯೋ ಕೋರ್ಸ್ ಭಾಳ ಕಡೆ ಅದಾವ. ಅದು ಬ್ಯಾರೆ, ಅದು ಸಂಘಕ್ಕ ಆದಾಯ.

ಉಗಿ ಎಂಜಿನ್ ಚಾಲೂ ಮಾಡಾಕ ಎಷ್ಟ ಹೊತ್ತು ಬೇಕು?

ಕೀ ತಿರುವಿದ್ರ ಚಾಲೂ ಆಗೋ ಸಾಮಾನಲ್ಲ ಅದು. ತಣ್ಣಗಿರೋ ಸಣ್ಣ ಎಂಜಿನ್‌ಗೂ ಮೂರ ನಾಕ ತಾಸು ಬೇಕು, ದೊಡ್ಡದಾದ್ರ ಹಿಂದಿನ ದಿನಾನ ಸಣ್ಣ ಬೆಂಕಿ ಹಾಕಿ ರಾತ್ರಿಯೆಲ್ಲಾ ಬಿಸಿ ಮಾಡ್ತಾರ. ಅವಸರ ಮಾಡಿದ್ರ ಬಾಯ್ಲರಿನ ಒಂದ ಭಾಗ ಹಿಗ್ಗಿ ಇನ್ನೊಂದ ಭಾಗ ಹಿಗ್ಗದ ಟ್ಯೂಬಿನ ಸಂದಿ ಸೋರಾಕ ಶುರು ಮಾಡ್ತಾವ, ಪ್ಲೇಟಿಗೆ ಪೆಟ್ಟು ಬೀಳ್ತೈತಿ. ಹಂಗಾಗಿ ನಸಿಕಿನ್ಯಾಗ ಬಂದವರು ಬೆಂಕಿ ಹಚ್ಚೂಕಿಂತ ಮೊದಲ ಗೇಜ್ ಗ್ಲಾಸಿನ್ಯಾಗ ನೀರಿನ ಮಟ್ಟ ನೋಡ್ತಾರ, ಫೈರ್‌ಬಾಕ್ಸಿನ (ಬೆಂಕಿ ಉರಿಯೋ ಗೂಡಿನ) ಒಳಗ ಟಾರ್ಚ್ ಹಾಕಿ ಎಲ್ಲಾದರೂ ಸೋರಕಿ ಐತೇನು ನೋಡ್ತಾರ, ಹಿಂದಿನ ದಿನದ ಬೂದಿ, ಸ್ಮೋಕ್‌ಬಾಕ್ಸಿನ ಕರಿ ತಗೀತಾರ, ಆಮ್ಯಾಲೆ ಕಟಗಿ, ಆಮ್ಯಾಲೆ ಕಲ್ಲಿದ್ದಲು. ಉಗಿ ಏರೋ ತನಕಾ ಡ್ರೈವರ್ ಎಣ್ಣಿ ಡಬ್ಬಿ ಹಿಡಕೊಂಡು ಗಾಡಿ ಸುತ್ತ ಒಂದೊಂದ ಬೇರಿಂಗಿಗೂ ಎಣ್ಣಿ ಬಿಡ್ತಾನ, ಒಂದು ತಪ್ಪಿದ್ರೂ ನಡು ದಾರ್ಯಾಗ ಆಕ್ಸಲ್ ಬಾಕ್ಸ್ ಕಾದು ಗಾಡಿ ನಿಂತಹಂಗ.

ಮತ್ತ ನೀರು. ಫೈರ್‌ಬಾಕ್ಸಿನ ಮ್ಯಾಲಿನ ಪ್ಲೇಟ್ ಯಾವಾಗಲೂ ನೀರಿನ್ಯಾಗ ಮುಳಗಿರಬೇಕು. ನೀರು ಇಳದು ಪ್ಲೇಟ್ ಬರೀ ಬೆಂಕಿಗೆ ಸಿಕ್ಕಿತಂದ್ರ ಅದು ಮೆತ್ತಗಾಗಿ ಒತ್ತಡಕ್ಕ ಹರೀತೈತಿ. ಒಂದ ಲೀಟರ್ ನೀರು ಆವಿ ಆದ್ರ ಸುಮಾರು 1,600 ಪಟ್ಟು ಜಾಗಾ ಕೇಳ್ತೈತಿ, ಅದಕ್ಕ ಬಾಯ್ಲರ್ ಸ್ಫೋಟ ಅಂದ್ರ ಆಟ ಅಲ್ಲ. ಎಚ್ಚರಿಕಿಗೆ ಅಂತ ಆ ಪ್ಲೇಟಿನ್ಯಾಗ ಸೀಸದ ತಿರುಳಿನ ಪ್ಲಗ್ ಕೂಡಿಸಿರ್ತಾರ, ನೀರು ಕಡಿಮಿ ಆದ್ರ ಸೀಸ ಕರಗಿ ಉಗಿ ಬೆಂಕಿ ಮ್ಯಾಲೆ ನುಗ್ಗತೈತಿ. ಪ್ಲಗ್ ಕರಗಿಸಿದ ಸಿಬ್ಬಂದಿ ಅಂತ ಹೆಸರು ತಗೊಳ್ಳೂದು ಯಾರಿಗೂ ಬ್ಯಾಡ.

ತುಕ್ಕು ಹಿಡದು ನಿಂತ ಎಂಜಿನ್ ರಿಪೇರಿಗೆ ಎಷ್ಟ ವರ್ಷ?

ಇಷ್ಟ ಅಂತ ಹೇಳಾಕಾಗೂದಿಲ್ಲ. ಹತ್ತು ವರ್ಷ ಹಿಡದದ್ದೂ ಅದಾವ, ಇಪ್ಪತ್ತು ವರ್ಷ ಹಿಡದದ್ದೂ ಅದಾವ. ಮ್ಯಾಲಿನ ತುಕ್ಕು ಕೆರದು ಬಣ್ಣ ಹಚ್ಚೋದು ಭಾಳ ಸಣ್ಣ ಭಾಗ. ಖರೇ ಕೆಲಸ ಬಾಯ್ಲರಿಂದು: ಫ್ರೇಮಿನಿಂದ ಎತ್ತಿ ಇಳಸಬೇಕು, ಟ್ಯೂಬ್ ಎಲ್ಲಾ ಕಿತ್ತು ಒಳಗ ನೋಡಬೇಕು, ಪ್ಲೇಟಿನ ದಪ್ಪ ಅಳೀಬೇಕು, ತೆಳ್ಳಗಾದ ಕಡೆ ಕತ್ತರಿಸಿ ಹೊಸಾದು ಕೂಡಿಸಬೇಕು, ಆಮ್ಯಾಲೆ ಬಾಯ್ಲರ್ ತುಂಬ ನೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡಕ್ಕ ಪರೀಕ್ಷೆ, ಅದಾದ ಮ್ಯಾಲೆ ಇನ್‌ಸ್ಪೆಕ್ಟರ್ ಎದುರು ಉಗಿ ಪರೀಕ್ಷೆ. ಬ್ರಿಟನ್‌ದಾಗ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಈ ಇಡೀ ಕಥಿ ಮತ್ತ ಮೊದಲಿನಿಂದ.

ಬಿಡಿಭಾಗ ಅಂಗಡ್ಯಾಗ ಸಿಗೂದಿಲ್ಲ. ಮರದಾಗ ಪ್ಯಾಟರ್ನ್ ಮಾಡಿ, ಎರಕ ಹೊಯ್ದು, ಲೇಥ್ ಮ್ಯಾಲೆ ಹಿಡದು, ಕೂಡಿಸಿ ನೋಡಿ, ಕೂಡಲಿಲ್ಲಾ ಅಂದ್ರ ಮತ್ತ ಕೆರಿ. ಒಂದ ಮಾದರಿಯ ಹಳೇ ಎಂಜಿನ್ ಒಂದೂ ಉಳದಿಲ್ಲ ಅಂತ ಬ್ರಿಟನ್‌ದಾಗ ಒಂದು ಟ್ರಸ್ಟ್ ಟೊರ್ನೆಡೋ ಅನ್ನೋ ಎಕ್ಸ್‌ಪ್ರೆಸ್ ಎಂಜಿನ್ನನ್ನ ಹೊಸಾದಾಗೇ ಕಟ್ಟಿತು, 1990ರಾಗ ಶುರುವಾದ ಯೋಜನೆ 2008ರಾಗ ಹಳಿ ಮ್ಯಾಲೆ ಓಡಿತು, ಖರ್ಚು ಸುಮಾರು 30 ಲಕ್ಷ ಪೌಂಡು. ರೊಕ್ಕ ಹೆಂಗರೆ ಕೂಡಸಬಹುದು. ರಿವೆಟ್ ಹೊಡಿಯೋ ಕೈ, ಬೇರಿಂಗಿಗೆ ವೈಟ್ ಮೆಟಲ್ ಹೊಯ್ಯೋ ಕೈ, ಫೈರ್‌ಬಾಕ್ಸಿನ ಸ್ಟೇ (ಪ್ಲೇಟ್ ಹಿಡಿಯೋ ಸರಳು) ಬದಲಿ ಮಾಡೋ ಕೈ ಸಿಗೂದು ಕಷ್ಟ. ನಮ್ಮ ಪ್ರಕಾರ ಹೆರಿಟೇಜ್ ರೈಲಿನ್ಯಾಗ ಭಾಳ ಬೆಲಿ ಬಾಳೋದು ಇದ, ಎಂಜಿನ್ ಅಲ್ಲ.

ಬರೇ ಎಂಜಿನ್ ಮಾತಾತು, ಹಳಿ ಯಾರ ನೋಡ್ತಾರ?

ಅದನ್ನೂ ಸ್ವಯಂಸೇವಕರ. ಕೊಳತ ಕಟಗಿ ಸ್ಲೀಪರ್ ತಗದು ಹೊಸಾದು ಹಾಕೂದು, ಖಡಿ ತುಂಬಿ ಕುಟ್ಟಿ ಲೆವಲ್ ಮಾಡೂದು, ಎರಡ ಹಳಿ ಕೂಡಿಸೋ ಫಿಶ್‌ಪ್ಲೇಟ್ ಬಿಚ್ಚಿ ಗ್ರೀಸ್ ಹಚ್ಚೂದು, ಗಟಾರ ಬಳಿಯೂದು, ಕಸ ಕೀಳೂದು. ಫೋಟೋದಾಗ ಬರೂದಿಲ್ಲ ಈ ಕೆಲಸ, ಆದ್ರ ಇದು ತಪ್ಪಿದ್ರ ಗಾಡಿ ತಪ್ಪತೈತಿ. ನಮ್ಮ ಗ್ಯಾಂಗ್‌ಮನ್, ಕೀಮನ್ ಮಂದಿ ದಿನಾ ಬಿಸಲಾಗ ಹಳಿ ಗುಂಟ ನಡದು ಮಾಡೋ ಕೆಲಸಾನ ಅಲ್ಲಿ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಶನಿವಾರಕ್ಕೊಮ್ಮೆ ಆಸೆಪಟ್ಟು ಮಾಡ್ತಾನ ಅಂದ್ರ ನಮ್ಮ ಗ್ಯಾಂಗ್‌ಮನ್‌ಗಳು ನಗ್ತಾರ, ನಗೂದೂ ಬರೋಬ್ಬರಿ ಐತಿ.

ರೊಕ್ಕ ಎಲ್ಲಿಂದ ಬರ್ತೈತಿ?

ಟಿಕೆಟ್ಟು, ಸದಸ್ಯತ್ವದ ವಂತಿಗಿ, ದೇಣಿಗಿ, ಗಿಫ್ಟ್ ಅಂಗಡಿ, ಚಹಾದಂಗಡಿ, ಕ್ರಿಸ್‌ಮಸ್ ಸ್ಪೆಷಲ್ ಗಾಡಿ. ಚಹಾದಂಗಡಿ ಅಂದ್ರ ಸಸಾರ ಮಾಡಬ್ಯಾಡ್ರಿ, ಭಾಳ ಲೈನ್‌ಗಳಿಗೆ ಅದೊಂದ ಗಟ್ಟಿ ಆದಾಯ. (ನಮ್ಮಲ್ಲಾದ್ರ ಗಿರ್ಮಿಟ್ಟು ಮಿರ್ಚಿ ಇಟ್ಟರ ಒಂದ ಬಾಯ್ಲರಿನ ಖರ್ಚು ಹೊಂಟೀತು ಅಂತ ನಮ್ಮೊಳಗ ಒಬ್ಬಂವ ಯಾವಾಗಲೂ ಲೆಕ್ಕಾ ಹಾಕ್ತಾನ.) ಖರ್ಚಿನ ಕಡೆ ಈಗಿನ ದೊಡ್ಡ ತಲಿನೋವು ಕಲ್ಲಿದ್ದಲು. ವೇಲ್ಸ್‌ನ ಫೋಸ್-ಇ-ಫ್ರಾನ್ ಗಣಿ 2023ರಾಗ ಮುಚ್ಚಿದ ಮ್ಯಾಲೆ ಕಲ್ಲಿದ್ದಲಿನ ದೇಶ ಅಂತ ಹೆಸರಾದ ಬ್ರಿಟನ್ ತನ್ನ ಹೆರಿಟೇಜ್ ಎಂಜಿನ್‌ಗೂ ಹೊರಗಿನಿಂದ ತರಸಬೇಕಾಗೇತಿ.

ಹವ್ಯಾಸಿ ಮಂದಿ ಓಡಸೋ ಗಾಡಿ ಸೇಫ್ ಐತೇನ್ರಿ?

ಪಗಾರ ಇಲ್ಲಾ ಅಂದ್ರ ನಿಯಮ ಇಲ್ಲಾ ಅಂತ ಅಲ್ಲ. ಬ್ರಿಟನ್‌ದಾಗ ಹೆರಿಟೇಜ್ ಲೈನ್‌ಗೂ ಸರಕಾರಿ ರೈಲು ಸುರಕ್ಷತಾ ಕಾನೂನು ಲಾಗೂ ಆಗ್ತೈತಿ, ಹೆಚ್ಚಿನ ಲೈನ್‌ದಾಗ ವೇಗದ ಮಿತಿ ಗಂಟೆಕ್ಕ 25 ಮೈಲು, ಅಂದ್ರ 40 ಕಿಲೋಮೀಟರ್. ಒಂಟಿ ಲೈನಿನ್ಯಾಗ ಟೋಕನ್ ಪದ್ಧತಿ, ಕೈಯಾಗ ಟೋಕನ್ ಇಲ್ಲದ ಡ್ರೈವರ್ ಗಾಡಿ ಬಿಡೂಹಂಗಿಲ್ಲ. ನಮ್ಮ ಕಡೆ ಹಳೇ ಸ್ಟೇಷನ್ ಮಾಸ್ತರು ಬಾಲ್ ಟೋಕನ್ ಕೊಡೂದನ್ನ ನೋಡಿದವರಿಗೆ ಇದು ಹೊಸಾದಲ್ಲ.

ಆದ್ರೂ ಅಪಘಾತ ಆಗ್ತಾವ. ಮೆಲ್ಬರ್ನ್ ಹತ್ರದ ಪಫಿಂಗ್ ಬಿಲ್ಲಿ ರೈಲಿನ್ಯಾಗ ಬೋಗಿ ಅಂಚಿಗೆ ಕುಂತು ಕಾಲು ಹೊರಗ ಇಳಿಬಿಡೂದು ತಲೆಮಾರಿನ ಪದ್ಧತಿ. 2018ರಾಗ ಒಂದು ಲೆವೆಲ್ ಕ್ರಾಸಿಂಗಿನ್ಯಾಗ ಗಾಡಿ ಮಿನಿಬಸ್ಸಿಗೆ ಗುದ್ದಿದ ಮ್ಯಾಲೆ ಅದನ್ನ ಸ್ವಲ್ಪ ಕಾಲ ಬಂದ್ ಮಾಡಿದ್ರು. ಮಂದಿ ಬೈದರು, ನಮಗ ಅದು ಸರಿಯಾದ ನಿರ್ಧಾರ ಅನಸ್ತೈತಿ.

ಹೆಣ್ಮಕ್ಕಳು? ವಯಸ್ಸಾದವರು?

ಎಲ್ಲಾರೂ. ಫೈರ್‌ಮನ್, ಡ್ರೈವರ್, ಗಾರ್ಡ್ ಎಲ್ಲಾದರಾಗೂ ಹೆಣ್ಮಕ್ಕಳು ಅದಾರ. ರಿಟೈರ್ ಆದವರಂತೂ ಇಲ್ಲದ ಒಂದ ಲೈನೂ ನಡೆಯೂದಿಲ್ಲ, ಅವರ ಬೆನ್ನೆಲುಬು. ಮುಂದಿನ ತಲೆಮಾರು ಸಾಕಷ್ಟ ಬರವಲ್ದು ಅನ್ನೋದು ಆ ಸಂಘಗಳ ಚಿಂತಿನೂ ಹೌದು.

ಊಟಿ, ಡಾರ್ಜಿಲಿಂಗ್ ರೈಲೂ ಹಿಂಗನ ನಡೀತಾವ?

ಇಲ್ಲ. ಅವು ಭಾರತೀಯ ರೈಲ್ವೆದ್ದು, ಓಡಸವರೆಲ್ಲಾ ಪಗಾರದ ನೌಕರರು. ಡಾರ್ಜಿಲಿಂಗ್ 1999ರಾಗ, ನೀಲಗಿರಿ 2005ರಾಗ, ಕಾಲ್ಕಾ-ಶಿಮ್ಲಾ 2008ರಾಗ ಯುನೆಸ್ಕೋ ಪಟ್ಟಿಗೆ ಸೇರ್ಯಾವ. ನೀಲಗಿರಿ ಲೈನ್ 46 ಕಿಲೋಮೀಟರ್, ಕೆಲವು ಕಡೆ 12 ಅಡಿಗೆ ಒಂದಡಿ ಏರು, ಅದಕ್ಕ ಹಳಿ ನಡುವ ಹಲ್ಲಿನ ಪಟ್ಟಿ ಹಾಕ್ಯಾರ. ಅದಕ್ಕ ಬೇಕಾದ ಹೊಸ ಉಗಿ ಎಂಜಿನ್‌ಗಳನ್ನ ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪ್ ಈ ಶತಮಾನದಾಗ ತಯಾರ ಮಾಡೇತಿ, ಅಂದ್ರ ಈ ದೇಶದಾಗ ಆ ವಿದ್ಯಾ ಇನ್ನೂ ಸತ್ತಿಲ್ಲ. ಹರಿಯಾಣದ ರೇವಾಡಿ ಶೆಡ್ಡಿನ್ಯಾಗೂ ಉಗಿ ಎಂಜಿನ್ ಜೀವಂತ ಇಟ್ಟಾರ. ಖಾಸಗಿಯವರಿಗೆ ಅಂತ 2021ರಾಗ ಭಾರತ್ ಗೌರವ್ ಯೋಜನೆ ಬಂತು, ಬೋಗಿ ಬಾಡಗಿಗೆ ತಗೊಂಡು ಟೂರಿಸ್ಟ್ ಗಾಡಿ ನಡಸಬಹುದು, ಆದ್ರ ಎಂಜಿನ್ನು, ಹಳಿ, ಡ್ರೈವರ್, ಗಾರ್ಡ್ ರೈಲ್ವೆದ್ದ.

ಕ್ಯಾಸಲ್‌ರಾಕ್-ದೂಧಸಾಗರ ಲೈನಿನ್ಯಾಗ ಒಂದು ಉಗಿ ಗಾಡಿ ಬಿಟ್ರ ಹೆಂಗ?

ಚಂದ ಅಂತೂ ಚಂದ. ಬ್ರಿಟಿಷರ ಕಡೆಯಿಂದ ನಮ್ಮ ಸದರ್ನ್ ಮರಾಠಾ ಲೈನು, ಪೋರ್ಚುಗೀಸರ ಕಡೆಯಿಂದ ಮಾರ್ಮಗೋವಾ ಬಂದರಿನ ಲೈನು ಬಂದು ಕ್ಯಾಸಲ್‌ರಾಕ್‌ದಾಗ ಕೂಡತಿದ್ದೂವು, 1961ರಾಗ ಗೋವಾ ವಿಮೋಚನೆ ಆಗೋ ತನಕಾ ಅದು ಗಡಿ ಸ್ಟೇಷನ್, ಕಸ್ಟಮ್ಸ್ ತಪಾಸಣಿ ಅಲ್ಲೇ. ಅಲ್ಲಿಂದ ಕುಳೆಂ ತನಕಾ ಘಾಟು, 37ಕ್ಕ 1 ಇಳಿಜಾರು, ಮ್ಯಾಲೆ ಬರೋ ಭಾರದ ಗಾಡಿಗೆ ಈಗಲೂ ಹಿಂದಿಂದ ಎಂಜಿನ್ ಹಚ್ಚಿ ನೂಕಬೇಕು.

ಆದ್ರ ಮೂರ ತೊಡಕು ಅದಾವ. ಒಂದು, ಹಳೇ ಲೈನ್ ಮೀಟರ್ ಗೇಜ್, ಅಂದ್ರ 1,000 ಮಿಲಿಮೀಟರ್, 1990ರ ದಶಕದಾಗ ಅದನ್ನ ಕಿತ್ತು 1,676 ಮಿಲಿಮೀಟರಿನ ಬ್ರಾಡ್ ಗೇಜ್ ಮಾಡ್ಯಾರ, ಹಳೇ ಎಂಜಿನ್ ಇದ್ರೂ ಓಡಸಾಕ ಹಳಿ ಇಲ್ಲ. ಎರಡು, ಬಂದರಿಂದ ಬರೋ ಕಲ್ಲಿದ್ದಲು, ಸರಕಿನ ಗಾಡಿ, ಪ್ಯಾಸೆಂಜರ್ ಗಾಡಿ, ಅದರ ನಡುವ ಗಂಟೆಗೆ ಮೂವತ್ತು ಕಿಲೋಮೀಟರಿನ್ಯಾಗ ಹೊಗಿ ಬಿಟ್ಕೊಂಡು ಹೋಗೋ ಗಾಡಿಗೆ ದಾರಿ ಯಾರ ಕೊಡ್ತಾರ? ಮೂರು, ಅದು ಕಾಡು, ಬ್ಯಾಸಗ್ಯಾಗ ಒಂದ ಕಿಡಿ ಸಾಕು.

ಅಂದಂಗ, ಹಳಿ ಮ್ಯಾಲೆ ನಡಕೊಂತ ದೂಧಸಾಗರಕ್ಕ ಹೋಗೂದು ಬಿಡ್ರಿ. 2023ರ ಮಳಿಗಾಲದಾಗ ಹಂಗ ಹೋದವರಿಗೆ ಬಸ್ಕಿ ಹೊಡಿಸಿದ ವಿಡಿಯೋ ನೀವೂ ನೋಡೀರಿ. ರೈಲ್ವೆ ಕಾಯಿದೆ 147ನೇ ಕಲಮು ಪ್ರಕಾರ ಆರ ತಿಂಗಳ ತನಕಾ ಜೈಲು ಅಥವಾ ಸಾವಿರ ರೂಪಾಯಿ ತನಕಾ ದಂಡ, ಇಲ್ಲಾ ಎರಡೂ.

ಅಳ್ನಾವರ-ದಾಂಡೇಲಿ ಲೈನು?

ಸಣ್ಣ ಲೈನು, ಕಾಡಿನ ದಾರಿ, ಗಾಡಿ ಕಡಿಮಿ. ಕಾಗದದ ಮ್ಯಾಲೆ ಕನಸು ಕಾಣಾಕ ಇದಕ್ಕಿಂತ ಒಳ್ಳೆ ಲೈನ್ ನಮ್ಮ ಕಡೆ ಇಲ್ಲ. ಕನಸು ಕಾಣೂದಕ್ಕ ರೈಲ್ವೆ ಪರ್ಮಿಷನ್ ಬೇಕಾಗಿಲ್ಲ, ಉಳಿದ ಎಲ್ಲಾದಕ್ಕೂ ಬೇಕು.

ಹಂಗಾದ್ರ ಹುಬ್ಬಳ್ಳಿ, ಗದಗ, ಹಾವೇರಿ ಮಂದಿ ಮಾಡೂದು ಏನೂ ಇಲ್ಲೇನು?

ಭಾಳ ಐತಿ, ಬರೇ ಗಾಡಿ ಓಡಸೂದು ಒಂದ ಇಲ್ಲ. 1880ರ ದಶಕದಿಂದ ಈ ಊರಾಗ ರೈಲ್ವೆ ವರ್ಕ್‌ಶಾಪ್ ಐತಿ. ಅಜ್ಜ ಮಗ ಮೊಮ್ಮಗ ಮೂರೂ ತಲಿ ಅದರಾಗ ದುಡದ ಮನಿ ಅದಾವ. ಮೀಟರ್ ಗೇಜ್ ಉಗಿ ಎಂಜಿನ್ ಬಿಚ್ಚಿ ಕೂಡಿಸಿದ ಫಿಟ್ಟರ್, ಬಾಯ್ಲರ್ ಮೇಕರ್, ಫೈರ್‌ಮನ್ ಆಗಿ ಸೇರಿ ಡೀಸೆಲ್ ಡ್ರೈವರ್ ಆಗಿ ರಿಟೈರ್ ಆದವರು ಇನ್ನೂ ಕೆಲವರು ಅದಾರ, ಗದಗದಾಗ ಅದಾರ, ಹಾವೇರಿ ರಾಣೇಬೆನ್ನೂರ ಕಡೆನೂ ಅದಾರ, ಆದ್ರ ವಯಸ್ಸು ಎಂಬತ್ತರ ಆಜೂಬಾಜೂ. 2020ರಾಗ ತಗದ ಮ್ಯೂಸಿಯಮ್ಮಿನ್ಯಾಗ ಸಾಮಾನು ಅದಾವ, ಸಾಮಾನಿನ ಹಿಂದಿನ ಕೆಲಸ ಅವರ ತಲ್ಯಾಗ ಐತಿ. ನಮಗ ಸಿಟ್ಟು ಬರೋದು ಇಲ್ಲೇ ನೋಡ್ರಿ: 1,507 ಮೀಟರಿನ ಜಗತ್ತಿನ ಅತಿ ಉದ್ದ ಪ್ಲಾಟ್‌ಫಾರ್ಮ್ ನಮ್ಮ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್‌ದಾಗ ಐತಿ ಅಂತ ಎಲ್ಲಾರೂ ಸೆಲ್ಫಿ ತಗೀತಾರ, ಪಕ್ಕದ ಮನಿ ಅಜ್ಜ ಬಾಯ್ಲರಿಗೆ ನೀರು ನುಗ್ಗಸೋ ಇಂಜೆಕ್ಟರ್ ಹೆಂಗ ಹಿಡೀತಿದ್ದಾ ಅಂತ ಯಾರೂ ಕೇಳೂದಿಲ್ಲ.

ಕೇಳ್ರಿ. ಮೊಬೈಲ್ ಸಾಕು, ಸದ್ದಿಲ್ಲದ ಖೋಲಿ ಸಾಕು. "ನಿಮ್ಮ ಜೀವನ ಹೇಳ್ರಿ" ಅಂದ್ರ ಅಜ್ಜ "ಏನಿಲ್ಲಪಾ, ದುಡದೆ" ಅಂತ ಮುಗಸ್ತಾನ. ಅದಕ್ಕ ಕೆಲಸದ್ದ ಕೇಳಬೇಕು: ಡ್ಯೂಟಿಗೆ ಬಂದ ಕೂಡಲೆ ಮೊದಲ ಏನ ನೋಡತಿದ್ರಿ, ಕೆಟ್ಟ ಕಲ್ಲಿದ್ದಲು ಬಂದ್ರ ಬೆಂಕಿ ಹೆಂಗ ಹಿಡೀತಿದ್ರಿ, ಘಾಟಿನ್ಯಾಗ ಗಾಲಿ ಜಾರಿದ್ರ ಉಸುಕು ಯಾವಾಗ ಬಿಡತಿದ್ರಿ, ಆ ಸ್ಪ್ಯಾನರಿಗೆ ನೀವು ಏನ ಅಂತಿದ್ರಿ. ಹಳೇ ಫೋಟೋ ಎದುರು ಇಟ್ಟರ ಇನ್ನೂ ಚಲೋ, ಕೈ ತೋರಿಸಿ ಹೇಳ್ತಾರ, ಕೈ ವಿಡಿಯೋದಾಗ ಬರೂಹಂಗ ಇಡ್ರಿ. ಅವರ ಒಪ್ಪಿಗಿ ಇಲ್ಲದ ಎಲ್ಲಿಗೂ ಹಾಕಬ್ಯಾಡ್ರಿ.

ಅಲ್ಲಲ್ಲೆ ಪ್ರದರ್ಶನಕ್ಕ ನಿಲ್ಲಿಸಿದ ಎಂಜಿನ್ ಅದಾವಲ್ಲಾ, ನಾವು ಹುಡುಗರು ಸೇರಿ ಬಣ್ಣ ಹಚ್ಚಬಹುದಾ?

ಮೊದಲ ಯಾರದು ಅಂತ ಕೇಳಿ ಬರವಣಿಗಿಯಾಗ ಪರವಾನಗಿ ತಗೋರಿ. ಎರಡನೇದು, ಕೆರಿಯಾಕ ಹೋಗಬ್ಯಾಡ್ರಿ. ಹಳೇ ಬಾಯ್ಲರಿನ ಮ್ಯಾಲಿನ ತಗಡಿನ ಕೆಳಗ ಆಸ್ಬೆಸ್ಟಾಸ್ ಇರಬಹುದು, ಹಳೇ ಬಣ್ಣದಾಗ ಸೀಸ ಇರಬಹುದು. ಎರಡರ ಧೂಳೂ ಪುಪ್ಪಸಕ್ಕ, ರಕ್ತಕ್ಕ ವಿಷ, ಕರ್ಚೀಫ್ ಕಟ್ಟಿಕೊಂಡ್ರ ತಡೆಯೂದಿಲ್ಲ. ತಿಳದವರು ಪರೀಕ್ಷೆ ಮಾಡಿ ಹೇಳೋ ತನಕಾ ಮುಟ್ಟಬ್ಯಾಡ್ರಿ.

ತುಕ್ಕಿನ ಮ್ಯಾಲೆ ವರ್ಷಾ ವರ್ಷಾ ಕರೇ ಪೇಂಟ್ ಬಳಿಯೂದು ಸಂರಕ್ಷಣೆ ಅಲ್ಲ, ಒಳಗ ನೀರು ನಿಂತು ಕೊಳೀತಾನ ಇರ್ತೈತಿ. ಮ್ಯಾಲೊಂದು ಚಾವಣಿ, ನೀರು ಹರದು ಹೋಗಾಕ ದಾರಿ, ಚಿಮಣಿಗೆ ಮುಚ್ಚಳ, ಇಷ್ಟ ಮಾಡಿಸಿದ್ರ ಪೇಂಟಿಗಿಂತ ಹೆಚ್ಚಿನ ಉಪಕಾರ.

ಮಗ ಮೆಲ್ಬರ್ನ್‌ದಾಗ ಅದಾನ. ಅಂವ ಸೇರಬಹುದೇನು?

ಸೇರಬಹುದು, ವೀಸಾದ ಷರತ್ತು ಒಮ್ಮೆ ನೋಡಿಕೊಳ್ಳಲಿ. ಪಫಿಂಗ್ ಬಿಲ್ಲಿಯ ಬೆಲ್‌ಗ್ರೇವ್ ಸ್ಟೇಷನ್ ಮೆಲ್ಬರ್ನ್ ಲೋಕಲ್ ಗಾಡಿಯ ಕೊನೇ ಸ್ಟಾಪ್ ಪಕ್ಕದಾಗ ಐತಿ. ಆ ಲೈನು 1900ರಾಗ ಶುರುವಾತು, 1953ರಾಗ ಗುಡ್ಡ ಕುಸದು ಹಳಿ ಬಂದ್ ಆತು, ಮರುವರ್ಷ ಲೈನ್ ಮುಚ್ಚಿದ್ರು, 1955ರಾಗ ಸಂಘ ಆತು, 1962ರಾಗ ಮೆನ್ಜೀಸ್ ಕ್ರೀಕ್ ತನಕಾ ಮತ್ತ ಚಾಲೂ ಆತು, ಕೊನೇ ಸ್ಟೇಷನ್ ಜೆಂಬ್ರೂಕ್ ಮುಟ್ಟಾಕ 1998 ಬರಬೇಕಾತು. ಅಮೆರಿಕಾದಾಗ ಇರವರಿಗೆ ಕಂಬ್ರೆಸ್ ಅಂಡ್ ಟೋಲ್ಟೆಕ್ ಐತಿ, ಕೊಲರಾಡೋ ಮತ್ತ ನ್ಯೂ ಮೆಕ್ಸಿಕೋ ರಾಜ್ಯಗಳು 1970ರಾಗ ಕೊಂಡ 64 ಮೈಲಿನ ಲೈನು, ಅದರ ಗೆಳೆಯರ ಬಳಗ ಬ್ಯಾಸಗ್ಯಾಗ ವಾರಗಟ್ಟಲೆ ಕ್ಯಾಂಪ್ ಮಾಡಿ ಹಳೇ ಬೋಗಿ ರಿಪೇರಿ ಮಾಡ್ತಾರ. ಮಗ ಎಂಜಿನಿಯರ್ ಆಗಿದ್ರೂ ಮೊದಲ ದಿನ ಪೇಂಟ್ ಬ್ರಷ್ಷ ಕೊಡ್ತಾರ ಅಂತ ಹೇಳಿ ಕಳಸ್ರಿ.

ಮನ್ಯಾಗ ಅಜ್ಜನ ಕಾಲದ ರೈಲ್ವೆ ಲಾಟೀನು, ರಟ್ಟಿನ ಟಿಕೆಟ್ಟು, ಟೈಂಟೇಬಲ್ ಅದಾವ. ಏನ ಮಾಡೂದು?

ಹಿತ್ತಾಳಿ ಫಳಫಳ ತಿಕ್ಕಬ್ಯಾಡ್ರಿ, ಕೆತ್ತಿದ ಅಕ್ಷರ ಸವದು ಹೋಗ್ತಾವ. ಎಂ.ಎಸ್.ಎಂ.ಆರ್. (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಅಂತ ಮುದ್ರಿ ಇದ್ರ 1951ಕ್ಕಿಂತ ಮೊದಲಿಂದು ಅಂತ ಅರ್ಥ. ಟಿಕೆಟ್ಟು ಕಾಗದ ಲ್ಯಾಮಿನೇಟ್ ಮಾಡಬ್ಯಾಡ್ರಿ, ಫೆವಿಕಾಲ್ ಹಚ್ಚಬ್ಯಾಡ್ರಿ, ಒಣಾ ಲಕೋಟಿಯೊಳಗ ಇಟ್ಟು ಲಕೋಟಿ ಮ್ಯಾಲೆ ಪೆನ್ಸಿಲ್‌ನಿಂದ ಯಾರದು, ಯಾವ ಊರಿಂದು, ಹೆಂಗ ಸಿಕ್ಕಿತು ಬರೀರಿ. ಮ್ಯೂಸಿಯಮ್ಮಿಗೆ ಕೊಡೂದಾದ್ರ ರಸೀದಿ ಇಸಕೋರಿ. ಗುಜರಿ ಅಂಗಡ್ಯಾಗ ರೈಲ್ವೆ ಮುದ್ರಿ ಇರೋ ಸಾಮಾನು ಸಸ್ತಾ ಸಿಕ್ಕಿತು ಅಂತ ಕೊಳ್ಳೂಕಿಂತ ಮೊದಲ ಹರಾಜಿನ ಕಾಗದ ಕೇಳ್ರಿ, ರೈಲ್ವೆ ಸೊತ್ತು ಅಕ್ರಮವಾಗಿ ಇಟ್ಟಕೊಂಡ್ರ 1966ರ ಕಾಯಿದೆ ಪ್ರಕಾರ ಕೇಸ್ ಆಗ್ತೈತಿ.